ಎಂಜಿನ್ ಹೊತ್ತು ಬೆಟ್ಟ ಹತ್ತಿದ ಮಾಸ್

ಹೋದ ತಿಂಗಳು ಕೆ.ಆರ್. ಪುರಂ ಕೇಬಲ್ ಸೇತುವೆ ಹತ್ತುವಾಗ ನಮ್ಮ ಹಳೇ ಡೀಸೆಲ್ ಕಾರು ಎಳೀಲೇ ಇಲ್ಲ. ಆಕ್ಸಿಲರೇಟರ್ ಒತ್ತಿದ್ರೆ ಬುಸ್ ಅನ್ನೋ ಶಬ್ದ, ಹಿಂದೆ ಕಪ್ಪು ಹೊಗೆ. ಒಂದು ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಹೊಸದು ಹಾಕಿಸಬೇಕು ಅಂದ್ರು. ಭಾನುವಾರ ಅಪ್ಪ, ನಾನು ಬಾನೆಟ್ ಎತ್ತಿ ನೋಡಿದ್ರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಪೈಪಿನ ಕ್ಲಿಪ್ ಸಡಿಲ! ಶಿವಾಜಿನಗರದಿಂದ ಒಂದು ಕ್ಲಿಪ್ ತಂದು ಬಿಗಿದ್ವಿ, ಅಷ್ಟೇ. ಆಮೇಲೆ ಬಸವನಹುಳದ ಚಿಪ್ಪಿನಂಥ ಈ ವಸ್ತುವಿನ ಹಿಂದೆ ಯಾರಿದ್ದಾರೆ ಅಂತ ಹುಡುಕಿದಾಗ ಸಿಕ್ಕವರು ಸ್ಯಾನ್‌ಫರ್ಡ್ ಮಾಸ್.

ಟರ್ಬೊಗೆ ಮೊದಲು ಪೇಟೆಂಟ್ ಪಡೆದವರು ಮಾಸ್ ಅಲ್ಲ. 1905ರಲ್ಲೇ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಆ ಕೆಲಸ ಮಾಡಿದ್ದರು. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದ ಒಂದು ಟರ್ಬೈನ್ ತಿರುಗಿಸೋದು, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಎಂಜಿನ್‌ಗೆ ಗಾಳಿ ಒತ್ತಿ ಕೊಡೋದು. ಐಡಿಯಾ ಇಷ್ಟೇ. ಕಷ್ಟ ಇರೋದು ಬಿಸಿಯಲ್ಲಿ.

ಮಾಸ್ ಹುಟ್ಟಿದ್ದು 1872ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹುಡುಗನಾಗಿದ್ದಾಗಲೇ ಮೆಷಿನ್ ಶಾಪಿನಲ್ಲಿ ಕೆಲಸ ಕಲಿತರು, ಕಾಲೇಜು ಆಮೇಲೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ಯಾಸ್ ಟರ್ಬೈನ್ ಮೇಲೆ ಪಿಎಚ್‌ಡಿ ಮಾಡಿದರು. ಅವರ ಯಂತ್ರ ತಿರುಗಿತೇನೋ ನಿಜ, ಆದರೆ ಅದು ಕೊಟ್ಟ ಶಕ್ತಿ ಅದರದೇ ಕಂಪ್ರೆಸರ್‌ಗೂ ಸಾಲುತ್ತಿರಲಿಲ್ಲ. (ನಮ್ಮ ಪ್ರಾಜೆಕ್ಟುಗಳ ಕಥೆಯೂ ಇದೇ ಅಲ್ವಾ!) 1903ರಲ್ಲಿ ಜನರಲ್ ಎಲೆಕ್ಟ್ರಿಕ್ ಸೇರಿದರು. ನಾಲ್ಕೇ ವರ್ಷಕ್ಕೆ ಕಂಪನಿ ಗ್ಯಾಸ್ ಟರ್ಬೈನ್ ಕೆಲಸ ನಿಲ್ಲಿಸಿತು. ಮಾಸ್ ಕಂಪ್ರೆಸರ್‌ಗಳ ಕಡೆ ತಿರುಗಿದರು.

ಮೊದಲ ಮಹಾಯುದ್ಧ ಬಂದಾಗ ವಿಮಾನಗಳಿಗೆ ಒಂದು ಸಮಸ್ಯೆ ಇತ್ತು. ಮೇಲೆ ಹೋದಷ್ಟೂ ಗಾಳಿ ತೆಳು, ಎಂಜಿನ್‌ಗೆ ಉಸಿರು ಸಾಲದು. ಇದು ನಮಗೂ ಗೊತ್ತಿರಬೇಕಾದ ವಿಷಯ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇಕಡ 10 ಕಡಿಮೆ. ಟರ್ಬೊ ಇಲ್ಲದ ಕಾರು ಅಷ್ಟನ್ನು ಕಳ್ಕೊಂಡೇ ಇಂದಿರಾನಗರದಲ್ಲಿ ಓಡಾಡುತ್ತೆ.

ಟೆಸ್ಟ್ ಮಾಡೋಕೆ ಎತ್ತರ ಬೇಕಿತ್ತು. ಮಾಸ್ 1918ರಲ್ಲಿ ಲಿಬರ್ಟಿ ವಿ-12 ವಿಮಾನ ಎಂಜಿನ್ನನ್ನು ಲಾರಿಯಲ್ಲಿಟ್ಟು ಕೊಲೊರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೇ ಹತ್ತಿಸಿದರು! 14,000 ಅಡಿಗೂ ಮೇಲೆ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356. ನನಗೆ ಇಷ್ಟವಾಗಿದ್ದು ಈ ಲೆಕ್ಕ. ಅವರು ಹೆಚ್ಚುವರಿ ಶಕ್ತಿಗೆ ಆಸೆಪಡಲಿಲ್ಲ, ಎತ್ತರ ಕಿತ್ತುಕೊಂಡಿದ್ದನ್ನು ವಾಪಸ್ ತಂದರು.

ಯುದ್ಧ ಮುಗಿದ ಮೇಲೆ ಆಸಕ್ತಿ ಕಡಿಮೆ ಆಯ್ತು. ಮುಂದಿನ ಸುಮಾರು ಇಪ್ಪತ್ತು ವರ್ಷ ಮಾಸ್ ಗುದ್ದಾಡಿದ್ದು ಹೆಚ್ಚಾಗಿ ಬಿಸಿಯ ಜೊತೆಗೆ. ಕೆಂಪಗೆ ಕಾದ ಬ್ಲೇಡುಗಳು ಅಷ್ಟು ವೇಗದಲ್ಲಿ ತಿರುಗಬೇಕು, ಬಿರುಕು ಬಿಡಬಾರದು. ಟರ್ಬೈನ್ ಚಕ್ರವನ್ನು ಹೊರಗಿನ ತಣ್ಣನೆ ಗಾಳಿಗೆ ಒಡ್ಡಿದ್ದು, ಒಳ್ಳೆಯ ಮಿಶ್ರಲೋಹಗಳು ಬಂದಿದ್ದು, ಇವೆಲ್ಲ ಸೇರಿ ಅದು ನಂಬುವಂಥ ಯಂತ್ರವಾಯಿತು. ನಮ್ಮ ಸೀನಿಯರ್ ಒಬ್ಬರು ಇಸಿಯು ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸ್ತೀನಿ ಅಂತಿದ್ದಾರೆ. ಗಾಳಿಯನ್ನು ಜಾಸ್ತಿ ಒತ್ತಿದರೆ ಅದೂ ಜಾಸ್ತಿ ಕಾಯುತ್ತೆ. ಇಂಟರ್‌ಕೂಲರ್ ಮಾತ್ರ ಹಳೇದೇ. ನಾನು ಬೇಡ ಅಂದೆ, ಅವರು ಕೇಳಲ್ಲ. ನಮ್ಮ ಮನೇಲಿ ಮಾಡೋದು ಸರಿಯಾದ ಗ್ರೇಡಿನ ಆಯಿಲ್ ಟೈಮಿಗೆ ಹಾಕೋದು, ಏರ್ ಫಿಲ್ಟರ್ ನೋಡೋದು, ಲಾಂಗ್ ಡ್ರೈವ್ ಆದ ಮೇಲೆ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡೋದು. ಟರ್ಬೊ ಬೇರಿಂಗಿಗೆ ಆಯಿಲ್ಲೇ ಜೀವ, ಬಿಸಿ ಇರುವಾಗಲೇ ಅದರ ಹರಿವು ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತೆ.

1938ರಲ್ಲಿ ಮಾಸ್ ನಿವೃತ್ತರಾದರು. ಮತ್ತೊಂದು ಯುದ್ಧ ಹತ್ತಿರ ಬಂದಾಗ ವಾಪಸ್ ಕೆಲಸಕ್ಕೆ ಬಂದರು. 1940ರ ಕೊಲಿಯರ್ ಟ್ರೋಫಿ ಅವರಿಗೂ ಅಮೆರಿಕದ ಸೇನಾ ವಾಯುದಳಕ್ಕೂ ಸೇರಿ ಸಿಕ್ಕಿತು. ಅಮೆರಿಕದಲ್ಲಿ ಮೊದಲ ಜೆಟ್ ಎಂಜಿನ್ ಕಟ್ಟುವ ಕೆಲಸ ಜನರಲ್ ಎಲೆಕ್ಟ್ರಿಕ್‌ಗೆ ಸಿಕ್ಕಿದ್ದಕ್ಕೂ ಈ ಟರ್ಬೊ ಅನುಭವವೇ ಕಾರಣ. ಜೆಟ್ ಅಂದರೆ ಗ್ಯಾಸ್ ಟರ್ಬೈನೇ ತಾನೆ, 1907ರಲ್ಲಿ ಕೈಬಿಟ್ಟಿದ್ದೇ ಅದು! ಮಾಸ್ 1946ರಲ್ಲಿ ತೀರಿಕೊಂಡರು.

ಅವರ ಟರ್ಬೊಗಳು ನಮ್ಮ ಊರಿಗೆ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಯಾರೂ ಬಳಸಬಾರದು ಅಂತ ಹಾಳುಮಾಡಿ ಬಿಟ್ಟಿದ್ದರು, ಎಂಜಿನ್‌ಗಳಿಗೆ ಮರಳು ಸುರಿದಿದ್ದರಂತೆ. ಒಂದೊಂದು ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದು ಟರ್ಬೊ. ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿನ ಎಚ್‌ಎಎಲ್‌ಗೆ ಹಾರಿಸಿಕೊಂಡು ಬಂದರು. ಇಂದಿರಾನಗರದ ಪಕ್ಕದ ಅದೇ ರನ್‌ವೇ. ಎಚ್‌ಎಎಲ್ ಕೆಲಸಗಾರರು ಅವನ್ನೆಲ್ಲ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. 1968ರವರೆಗೂ ನಮ್ಮ ವಾಯುಪಡೆಯಲ್ಲಿ ಲಿಬರೇಟರ್‌ಗಳು ಹಾರಿದವು. ಒಂದನ್ನು 1974ರಲ್ಲಿ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿಗೆ ಕೊಟ್ಟರು.