ಪ್ರತಿ ಕಲ್ಲಿಗೂ ಒಂದು ನಂಬರ್: ಬಿ.ಎಲ್. ರೈಸ್ ಬದುಕು ಮತ್ತು ನಮ್ಮ ರೆಕಾರ್ಡ್ ರೂಮುಗಳು

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಹತ್ತಿರ ಒಂದು ದೊಡ್ಡ ಬಂಡೆ ಇದೆ. ಸುತ್ತಲಿನ ಜನ ಅದನ್ನ ಅಕ್ಷರಗುಂಡು ಅಂತ ಕರೀತಿದ್ದರು. ಅದರ ಮೇಲಿರೋದು ಬರಹ ಅಂತ ಅವರಿಗೆ ಗೊತ್ತಿತ್ತು. ಯಾರ ಬರಹ, ಏನು ಹೇಳುತ್ತೆ ಅನ್ನೋದು ಗೊತ್ತಿರಲಿಲ್ಲ. 1892ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥ ಬೆಂಜಮಿನ್ ಲೂಯಿಸ್ ರೈಸ್ ಅದರ ಅಚ್ಚು ತೆಗೆಸಿ ಓದಿದಾಗ ಗೊತ್ತಾಯ್ತು, ಅದು ಅಶೋಕನ ಶಾಸನ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ದೊರೆಯ ಶಾಸನಗಳು ಸಿಕ್ಕವು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣದವರೆಗೆ ಬಂದಿತ್ತು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು ಆಗ.

ಪಠ್ಯಪುಸ್ತಕದಲ್ಲಿ ಇದನ್ನ 'ರೈಸ್ ಕಂಡುಹಿಡಿದರು' ಅಂತ ಓದಿದ್ದೇವೆ. ಬಂಡೆಗೆ ಅಕ್ಷರಗುಂಡು ಅಂತ ಹೆಸರಿಟ್ಟವರು ಅದನ್ನ ಮೊದಲೇ ಕಂಡಿದ್ದರು. ರೈಸ್ ಮಾಡಿದ್ದು ಬೇರೆ ಕೆಲಸ. ಬಂಡೆಯ ಮೇಲಿದ್ದ ದಾಖಲೆಯನ್ನ ಕಾಗದಕ್ಕೆ ಇಳಿಸಿ, ಓದಿ, ಅದಕ್ಕೊಂದು ನಂಬರ್ ಕೊಟ್ಟು, ಯಾರು ಬೇಕಾದರೂ ಹುಡುಕುವ ಹಾಗೆ ಮಾಡಿದ್ದು.

ಇಂಜಿನಿಯರಿಂಗ್ ಮುಗಿಸಿ ನಾನು ಸೇರಿದ ಮೊದಲ ಕೆಲಸ ಕೂಡ ಹೆಚ್ಚುಕಡಿಮೆ ಇದೇ. ಲಾರಿಗಟ್ಟಲೆ ಕಾಗದ ಬರೋದು. ಸ್ಕ್ಯಾನ್ ಮಾಡು, ಸಾಫ್ಟ್‌ವೇರ್‌ನಿಂದ ಓದಿಸು, ಇಂಡೆಕ್ಸ್ ಮಾಡು, ಕಂಪನಿಯ ಸಿಸ್ಟಮ್‌ಗೆ ಹಾಕು. ಅಲ್ಲಿ ಕಲಿತದ್ದು ಒಂದೇ ಮಾತು: ಸ್ಕ್ಯಾನ್ ಮಾಡೋದು ಸುಲಭ, ಆಮೇಲೆ ಹುಡುಕಿದಾಗ ಸಿಗುವ ಹಾಗೆ ಮಾಡೋದು ಕಷ್ಟ. ರೈಸ್ ಇದನ್ನ ನೂರು ವರ್ಷಕ್ಕೂ ಮೊದಲೇ ಅರ್ಥ ಮಾಡಿಕೊಂಡಿದ್ದರು.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜ್ ಆದದ್ದು ಇದೇ ಶಾಲೆ. ಐದು ವರ್ಷದ ನಂತರ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ತಪಾಸಣೆಗೆ ಊರೂರು ಸುತ್ತುವಾಗ ದೇವಸ್ಥಾನದ ಗೋಡೆ, ಕೆರೆ ಏರಿ, ಹೊಲದ ಬದು, ಎಲ್ಲಿ ನೋಡಿದರೂ ಬರಹ ಇರುವ ಕಲ್ಲುಗಳು.

ಆಗಲೇ ಒಂದು ಪ್ರಯತ್ನ ನಡೆದಿತ್ತು. 1865ರಲ್ಲಿ ಮೇಜರ್ ಡಿಕ್ಸನ್ ಅನ್ನೋ ಸೇನಾಧಿಕಾರಿ ಸಂಸ್ಥಾನದ ಶಾಸನಗಳ ಫೋಟೋ ತೆಗೆದಿದ್ದರು. ಅವನ್ನ ಓದಿ ಅನುವಾದಿಸುವ ಕೆಲಸ ರೈಸ್ ಪಾಲಿಗೆ ಬಂತು. ಅದರ ಫಲ 1879ರಲ್ಲಿ ಹೊರಬಂದ 'ಮೈಸೂರು ಇನ್‌ಸ್ಕ್ರಿಪ್ಶನ್ಸ್'. ಆದರೆ ಫೋಟೋದಲ್ಲಿ ಸವೆದ ಅಕ್ಷರ ಸವೆದೇ ಇರುತ್ತೆ. ಮಸುಕಾದ ಸ್ಕ್ಯಾನ್ ಮುಂದೆ ಕೂತವರಿಗೆ ಈ ಸಂಕಟ ಗೊತ್ತು. ಕಲ್ಲಿನ ಹತ್ತಿರಕ್ಕೇ ಹೋಗಬೇಕಿತ್ತು.

1885ರಲ್ಲಿ ಪುರಾತತ್ವದ ಹೊಣೆ ರೈಸ್ ಕೈಗೆ ಬಂತು. 1890ರಿಂದ ಅದೇ ಪೂರ್ಣಾವಧಿ ಕೆಲಸ. ಅಚ್ಚು ತೆಗೆಯುವ ವಿಧಾನ ಸರಳ: ಕಲ್ಲನ್ನ ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತೆ. ಮೇಲೆ ಮಸಿ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಇದಕ್ಕೆ ಪಡಿಯಚ್ಚು ಅನ್ನುತ್ತಾರೆ. ಒಂದು ಕಲ್ಲಿಗಾದರೆ ಇದೇನು ದೊಡ್ಡ ವಿಷಯವಲ್ಲ. ಇಡೀ ಸಂಸ್ಥಾನಕ್ಕೆ ಮಾಡಬೇಕಿದ್ದರೆ ಒಂದು ಶಿಸ್ತು ಬೇಕು.

ಆ ಶಿಸ್ತೇ 'ಎಪಿಗ್ರಾಫಿಯಾ ಕರ್ನಾಟಿಕಾ'. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಸುಮಾರು ಇಪ್ಪತ್ತು ವರ್ಷದಲ್ಲಿ 12 ಸಂಪುಟ, 9 ಸಾವಿರದ ಹತ್ತಿರ ಶಾಸನ. ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ, 1903ರದ್ದು. ಒಳಗೆ ತಾಲೂಕುವಾರು ವಿಂಗಡಣೆ. ಚಳ್ಳಕೆರೆಗೆ ಒಂದು ಸಂಕೇತ, ಮೊಳಕಾಲ್ಮೂರಿಗೆ ಇನ್ನೊಂದು, ಪ್ರತಿ ಶಾಸನಕ್ಕೂ ಕ್ರಮಸಂಖ್ಯೆ. ಯಾವ ಊರು, ಊರಿನ ಯಾವ ಕಡೆ, ಯಾವ ಕಲ್ಲು ಅನ್ನೋ ವಿಳಾಸ. ಮೂಲಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. ಇವತ್ತಿಗೂ ಸಂಶೋಧಕರು ಆ ಸಂಕೇತ, ಆ ನಂಬರ್ ಹಿಡಿದೇ ಮಾತಾಡುತ್ತಾರೆ.

ರೈಸ್‌ರನ್ನ ದೇವರು ಮಾಡೋದು ಬೇಡ. ಸಂಸ್ಥಾನಕ್ಕೆ ತನ್ನ ನೆಲ ಮತ್ತು ಜನರ ಲೆಕ್ಕ ಬೇಕಿತ್ತು. ರೈಸ್ ಆ ವ್ಯವಸ್ಥೆಯ ಅಧಿಕಾರಿ, ಮೈಸೂರು ಗೆಜೆಟಿಯರ್ ಬರೆದವರೂ ಅವರೇ. ಹಳ್ಳಿಗಳಲ್ಲಿ ಕಾಗದ ಬಡಿದವರು, ಹಳಗನ್ನಡ ಮತ್ತು ಸಂಸ್ಕೃತ ಬಿಡಿಸಿ ಕೊಟ್ಟ ಪಂಡಿತರು ಹಲವರು. ಮುಖಪುಟದ ಮೇಲಿನ ಹೆಸರು ಮಾತ್ರ ಒಂದೇ. ಇವತ್ತು ಎಐ ಕಂಪನಿಗಳಿಗೆ ಡೇಟಾ ಲೇಬಲ್ ಮಾಡುವವರ ಕಥೆಯೂ ಇದೇ ಅಲ್ವಾ?

ತಪ್ಪುಗಳೂ ಆದವು. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನ ರೈಸ್ ನಿಜವೆಂದು ನಂಬಿದರು. ಇನ್ನೊಬ್ಬ ದೊಡ್ಡ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವು ಆಮೇಲೆ ಸೃಷ್ಟಿಸಿದ ನಕಲಿ ಎಂದು ವಾದಿಸಿದರು. ಜಗಳ ವರ್ಷಗಟ್ಟಲೆ ನಡೆಯಿತು. ಭೂಮಿಯ ಹಕ್ಕಿಗಾಗಿ ನಕಲಿ ದಾಖಲೆ ಸೃಷ್ಟಿಸೋದು ನಮ್ಮ ಕಾಲದ ಆವಿಷ್ಕಾರ ಏನಲ್ಲ. ಆದರೆ ಒಂದು ವಿಷಯ ಗಮನಿಸಿ: ದಾಖಲೆ ಪೂರ್ತಿ ಪ್ರಕಟವಾಗಿದ್ದಕ್ಕೇ ಅದನ್ನ ಪ್ರಶ್ನಿಸೋಕೆ ಸಾಧ್ಯವಾಯಿತು. ಬೀರುವಿನಲ್ಲಿ ಇದ್ದಿದ್ದರೆ ಅಧಿಕಾರಿ ಹೇಳಿದ್ದೇ ಸತ್ಯವಾಗಿ ಉಳಿಯುತ್ತಿತ್ತು. ಅವರ ಕಣ್ಣಿಗೆ ಬೀಳದ ಕಲ್ಲುಗಳೂ ಇದ್ದವು. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ರೈಸ್ ತೀರಿಕೊಂಡ ಮೇಲೆ.

1906ರಲ್ಲಿ ನಿವೃತ್ತರಾದರು. ಆ ಜಾಗಕ್ಕೆ ಆರ್. ನರಸಿಂಹಾಚಾರ್ ಬಂದರು. ಇಂಗ್ಲೆಂಡಿಗೆ ಹೋದ ಮೇಲೂ ರೈಸ್ ಸುಮ್ಮನೆ ಕೂರಲಿಲ್ಲ. ಮೊದಲು ಮಾಡಿದ್ದ ಕೊಡಗಿನ ಸಂಪುಟವನ್ನೇ ಮತ್ತೆ ಕೈಗೆತ್ತಿಕೊಂಡು ಪರಿಷ್ಕರಿಸಿ 1914ರಲ್ಲಿ ಹೊರತಂದರು. 1927ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಹ್ಯಾರೋದಲ್ಲಿ ತೀರಿಕೊಂಡರು.

ಈಗ ಇದೆಲ್ಲ ಯಾಕೆ ಅಂದರೆ, ನಮ್ಮ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಅಂಥದ್ದೇ ಕೆಲಸ ನಡೆಯುತ್ತಿದೆ. 'ಭೂ ಸುರಕ್ಷಾ' ಹೆಸರಿನಲ್ಲಿ ರಾಜ್ಯ ಸರ್ಕಾರ 2024ರಿಂದ ಹಳೆಯ ಕಂದಾಯ ಕಡತಗಳನ್ನ ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯದೇ. ಕಡತ ಕಳೆದಿದೆ ಅನ್ನೋ ಉತ್ತರ ಕೇಳಿ ಸುಸ್ತಾದ ರೈತರು ಎಷ್ಟು ಜನ! ಆದರೆ ಕೇಳಬೇಕಾದ ಪ್ರಶ್ನೆ ಎಷ್ಟು ಪುಟ ಆಯ್ತು ಅನ್ನೋದಲ್ಲ. ಇಂಡೆಕ್ಸ್ ಸರಿ ಇದೆಯಾ? ತಪ್ಪು ಸರ್ವೆ ನಂಬರ್ ಟೈಪ್ ಆಗಿದ್ದರೆ ಅದನ್ನ ಮೂಲದ ಜೊತೆ ಹೋಲಿಸೋಕೆ ಜನರಿಗೆ ದಾರಿ ಇದೆಯಾ? ಹಕ್ಕುಪತ್ರ ಹುಡುಕೋ ಹೆಣ್ಣುಮಗಳಿಗೆ ಆ ಪರದೆ ತೆರೆಯುತ್ತಾ, ಕಚೇರಿಯವರಿಗೆ ಮಾತ್ರವಾ?

ಚಳ್ಳಕೆರೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲು ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿ, ಐಐಎಸ್‌ಸಿ ಮುಂತಾದವಕ್ಕೆ ಹೋಯಿತು. ತಲೆಮಾರುಗಳಿಂದ ಅಲ್ಲಿ ಕುರಿ, ದನ ಮೇಯಿಸಿದವರಿಗೆ ಇದು ಸರಿಯಾಗಿ ಗೊತ್ತಾದದ್ದು ಕಾಂಪೌಂಡ್ ಗೋಡೆ ಏಳೋಕೆ ಶುರುವಾದ ಮೇಲೆ. ಆಮೇಲೆ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು. ಕಾಗದ ಇರಲಿಲ್ಲ ಅಂತಲ್ಲ, ಇತ್ತು. ಜನರ ಕೈಗೆ ಸಿಗುವ ಜಾಗದಲ್ಲಿ ಇರಲಿಲ್ಲ.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನ ಬರೆದವನ ಹೆಸರಿದೆ, ಚಪಡ. ತಾನು ಲಿಪಿಕಾರ ಅನ್ನೋದನ್ನ ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದ. ಎರಡು ಸಾವಿರ ವರ್ಷಕ್ಕೂ ಹಿಂದಿನ ಸರ್ಕಾರಿ ಆದೇಶವನ್ನ ಬರೆದದ್ದು ಯಾರು ಅಂತ ಇವತ್ತು ನೀವೂ ನಾನೂ ಹೇಳಬಹುದು. ನಿಮ್ಮ ಊರಿನ ಗೋಮಾಳದ ಕಡತದಲ್ಲಿ ಕೊನೆಯ ಸಹಿ ಯಾರದು? ಸ್ಕ್ಯಾನ್ ಆಗಿದ್ದರೆ ಅರ್ಜಿ ಹಾಕಿ ಕೇಳಿ ನೋಡಿ.