ಲ್ಯಾಬ್ ರೆಕಾರ್ಡ್‌ನಲ್ಲಿ ಇಲ್ಲದ ಫೋರಿಯರ್

ಎಲೆಕ್ಟ್ರಾನಿಕ್ಸ್ ಓದುವ ನಮಗೆ ಫೋರಿಯರ್ ಎಂದರೆ ಒಂದು ಸೂತ್ರ, ಪರೀಕ್ಷೆಯಲ್ಲಿ ಹತ್ತು ಅಂಕ. ಆ ಹೆಸರಿನ ಹಿಂದೆ ಮನುಷ್ಯನಿದ್ದಾನೆ ಅನ್ನಿಸಿದ್ದು ನನಗೆ ಡಿಎಸ್‌ಪಿ ಲ್ಯಾಬ್‌ನಲ್ಲಿ. ಸೈಲ್ಯಾಬ್ ತೆರೆದು ಒಂದು ಸೈನ್ ಅಲೆ ಬಿಡಿಸಿ. ಮೂರು ಪಟ್ಟು ಆವರ್ತನದ, ಮೂರನೇ ಒಂದರಷ್ಟು ಎತ್ತರದ ಇನ್ನೊಂದನ್ನು ಕೂಡಿಸಿ. ಆಮೇಲೆ ಐದು ಪಟ್ಟಿನದು, ಏಳು ಪಟ್ಟಿನದು. ಬಳುಕುವ ಗೆರೆ ನೋಡನೋಡುತ್ತಲೇ ಚೌಕವಾಗುತ್ತದೆ. ಇದನ್ನು ಹೇಳಿದಾತನ ಬಳಿ ಪರದೆಯೂ ಇರಲಿಲ್ಲ, ನಂಬುವ ಪರೀಕ್ಷಕರೂ ಇರಲಿಲ್ಲ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಓಸೇರ್ ಊರಿನಲ್ಲಿ. ಅಪ್ಪ ದರ್ಜಿ. ಹತ್ತರ ಆಸುಪಾಸಿನಲ್ಲೇ ತಬ್ಬಲಿಯಾದ. ಊರಿನ ಸೈನಿಕ ಶಾಲೆಯಲ್ಲಿ ಗಣಿತದ ಹುಚ್ಚು ಹತ್ತಿತು. ಕ್ರಾಂತಿಯ ಗದ್ದಲದಲ್ಲಿ, 1794ರಲ್ಲಿ ಜೈಲು ಸೇರಿದ. ರೋಬೆಸ್ಪಿಯರ್ ಉರುಳಿದ ಮೇಲೆ ಬಿಡುಗಡೆಯಾಯಿತು. ಪ್ಯಾರಿಸ್‌ನಲ್ಲಿ ಮೇಷ್ಟ್ರಾದ, 1798ರಲ್ಲಿ ನೆಪೋಲಿಯನ್ ದಂಡಿನೊಂದಿಗೆ ಈಜಿಪ್ಟಿಗೂ ಹೋದ. ಮರಳಿ ಬಂದವನನ್ನು ನೆಪೋಲಿಯನ್ 1802ರಲ್ಲಿ ಗ್ರೆನೋಬಲ್‌ಗೆ ಪ್ರಿಫೆಕ್ಟ್ ಆಗಿ ಕಳಿಸಿದ. ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ. ಜೌಗು ನೆಲ ಒಣಗಿಸುವುದು, ರಸ್ತೆ ಹಾಕಿಸುವುದು, ಕಡತ ನೋಡುವುದು. ನೌಕರಿ ಸಿಕ್ಕ ಮೇಲೆ ಪುಸ್ತಕ ಮುಚ್ಚಿಡುತ್ತೇವೆ ಎನ್ನುವ ನನ್ನ ಗೆಳೆಯರಿಗೆ ಈ ಭಾಗವನ್ನೇ ಒತ್ತಿ ಹೇಳುತ್ತೇನೆ: ಶಾಖ ಹೇಗೆ ಹರಿಯುತ್ತದೆ ಎಂಬ ಆತನ ಪ್ರಯೋಗಗಳೆಲ್ಲ ನಡೆದದ್ದು ಈ ಕಡತಗಳ ನಡುವೆ.

1807ರಲ್ಲಿ ಪ್ರಬಂಧ ಒಪ್ಪಿಸಿದ. ಎಂಥ ಅಂಕುಡೊಂಕಿನ ಗೆರೆಯನ್ನೂ ಸೈನ್, ಕೊಸೈನ್‌ಗಳ ಮೊತ್ತವಾಗಿ ಬರೆಯಬಹುದು ಎಂಬ ದಿಟ್ಟ ಮಾತು ಅದರಲ್ಲಿತ್ತು. ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ, ಪ್ರಬಂಧ ಅಚ್ಚಾಗಲಿಲ್ಲ. ತಿದ್ದಿ 1811ರಲ್ಲಿ ಸ್ಪರ್ಧೆಗೆ ಕಳಿಸಿದ. ಬಹುಮಾನವೇನೋ ಬಂತು, ತರ್ಕ ಬಿಗಿಯಾಗಿಲ್ಲ ಎಂಬ ತಕರಾರೂ ಜೊತೆಗೇ ಬಂತು. ಪುಸ್ತಕ ಹೊರಬಂದದ್ದು 1822ರಲ್ಲಿ. ಅಲ್ಲಿಗೆ 15 ವರ್ಷ!

ನನ್ನ ಪ್ರಕಾರ ತಕರಾರು ಪೂರ್ತಿ ಸುಳ್ಳಲ್ಲ. ಲ್ಯಾಬ್‌ನಲ್ಲಿ ನೂರು ಅಲೆ ಕೂಡಿಸಿ ನೋಡಿ. ಚೌಕದ ಅಂಚಿನಲ್ಲಿ ಜಿಗಿತದ ಸುಮಾರು ಶೇ 9ರಷ್ಟು ಎತ್ತರದ ಕೊಂಬೊಂದು ಉಳಿದೇ ಇರುತ್ತದೆ. ಸಾವಿರ ಕೂಡಿಸಿದರೆ ಅದು ಸಪೂರವಾಗುತ್ತದೆ, ಗಿಡ್ಡವಾಗುವುದಿಲ್ಲ. ಇದಕ್ಕೆ ಗಿಬ್ಸ್ ಎಂಬ ವಿಜ್ಞಾನಿಯ ಹೆಸರಿದೆ. ಬೋರ್ಡ್ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತದ್ದನ್ನು ನಾಲ್ಕು ಸಾಲಿನ ಪ್ರೋಗ್ರಾಂ ತೋರಿಸಿಬಿಡುತ್ತದೆ. ರೆಕಾರ್ಡ್ ನಕಲು ಮಾಡಿ ಸಹಿ ಹಾಕಿಸಿಕೊಂಡವರಿಗೆ ಕಾಣದೇ ಹೋಗುವುದು ಇದೇ. ಕ್ಯಾಂಪಸ್ ಸಂದರ್ಶನದಲ್ಲಿ ನನಗೆ ಬಂದ ಮೊದಲ ಪ್ರಶ್ನೆಯೂ ಈ ಕೊಂಬಿನದೇ.

ಫೋರಿಯರ್ ತೀರಿಕೊಂಡದ್ದು 1830ರ ಮೇ 16ರಂದು, ಪ್ಯಾರಿಸ್‌ನಲ್ಲಿ. 1965ರಲ್ಲಿ ಕೂಲಿ ಮತ್ತು ಟಕಿ ಎಂಬಿಬ್ಬರು ಆತನ ಲೆಕ್ಕವನ್ನು ಕಂಪ್ಯೂಟರ್ ಬೇಗ ಮಾಡುವ ದಾರಿ ಪ್ರಕಟಿಸಿದರು. 1024 ಬಿಂದುಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರ ಬೇಕಿದ್ದಲ್ಲಿ ಈಗ ಐದು ಸಾವಿರ ಚಿಲ್ಲರೆ ಸಾಕು. ಲ್ಯಾಬ್‌ನಲ್ಲಿ ನಾವು ಎಫ್‌ಎಫ್‌ಟಿ ಎಂದು ಟೈಪ್ ಮಾಡುತ್ತೇವಲ್ಲ, ಅದರ ನಡುವಿನ ಅಕ್ಷರ ಆತನದು.