ರೂಪಾಯಿಗೆ ತೂಕ ಕೊಟ್ಟ ದೊರೆ ಶೇರ್ ಶಾಹ್ ಸೂರಿ

ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್ ಮತ್ತು ಸೇಶೆಲ್ಸ್ ದೇಶಗಳ ಹಣಕ್ಕೆ ರೂಪಾಯಿ ಎಂದೇ ಹೆಸರು ಎಂಬುದು ನಿಮಗೆ ಗೊತ್ತಿರಬಹುದು. ಇಂಡೋನೇಷ್ಯಾದ ರುಪಿಯಾ, ಮಾಲ್ಡೀವ್ಸ್‌ನ ರುಫಿಯಾ ಕೂಡ ಇದೇ ಮೂಲದ ಪದಗಳು. ಬೆಳ್ಳಿ ಎಂಬ ಅರ್ಥದ ಸಂಸ್ಕೃತದ ರೂಪ್ಯ ಶಬ್ದದಿಂದ ಬಂದ ಈ ಹೆಸರು ಬಹಳ ಹಳೆಯದು. ಆದರೆ ಈ ಹೆಸರಿನ ನಾಣ್ಯಕ್ಕೆ ಖಚಿತವಾದ ತೂಕವನ್ನೂ ಶುದ್ಧತೆಯನ್ನೂ ಕೊಟ್ಟು ಜನರ ಕೈಗಿತ್ತವರು ದಿಲ್ಲಿಯನ್ನು ಕೇವಲ ಐದು ವರ್ಷ ಆಳಿದ ಶೇರ್ ಶಾಹ್ ಸೂರಿ. ಅವರ ಬದುಕನ್ನು ನೀವು ತಿಳಿಯಲೇಬೇಕು.

ಶೇರ್ ಶಾಹ್‌ರ ಮೊದಲ ಹೆಸರು ಫರೀದ್. ತಂದೆ ಹಸನ್ ಖಾನ್ ಈಗಿನ ಬಿಹಾರದ ಸಸಾರಾಮಿನ ಜಾಗೀರುದಾರರು. ಮನೆಯಲ್ಲಿ ಮಲತಾಯಿಯ ಪ್ರಭಾವ ಹೆಚ್ಚಾಗಿ ತಂದೆಯ ಪ್ರೀತಿ ದೂರವಾದಾಗ, ಹುಡುಗ ಫರೀದ್ ಮನೆ ಬಿಟ್ಟು ಜೌನ್‌ಪುರಕ್ಕೆ ಹೋದರು. ಆ ಕಾಲಕ್ಕೆ ಜೌನ್‌ಪುರ ವಿದ್ಯೆಗೆ ಹೆಸರಾದ ಊರು. ಅಲ್ಲಿ ಅವರು ಅರಬ್ಬಿ ಮತ್ತು ಫಾರ್ಸಿ ಕಲಿತರು, ಶೇಖ್ ಸಅದಿಯವರ ಗುಲಿಸ್ತಾನ್ ಮತ್ತು ಬೋಸ್ತಾನ್ ಗ್ರಂಥಗಳನ್ನು ಅಭ್ಯಾಸ ಮಾಡಿದರು, ಹಿಂದಿನ ಅರಸರ ಚರಿತ್ರೆಗಳನ್ನು ಓದಿದರು. ಮಗನನ್ನು ಮರಳಿ ಕರೆಸಲು ತಂದೆ ಯತ್ನಿಸಿದಾಗ, ಓದಿಗೆ ಸಸಾರಾಮಿಗಿಂತ ಜೌನ್‌ಪುರವೇ ಮೇಲು ಎಂದು ಅವರು ಅಲ್ಲೇ ಉಳಿದರೆಂದು ಇತಿಹಾಸಕಾರರು ಬರೆದಿದ್ದಾರೆ.

ಮುಂದೆ ತಂದೆ ತಮ್ಮ ಪರಗಣಗಳ ಆಡಳಿತವನ್ನು ಮಗನಿಗೆ ಒಪ್ಪಿಸಿದರು. ಇದೇ ಅವರಿಗೆ ದೊಡ್ಡ ಪಾಠಶಾಲೆಯಾಯಿತು. ಹೊಲದ ಅಳತೆ ಹೇಗೆ, ತೆರಿಗೆ ಎಷ್ಟು, ನಡುವಿನವರು ರೈತನಿಂದ ಎಷ್ಟು ಕಸಿಯುತ್ತಾರೆ ಎಂಬುದನ್ನು ಅವರು ಊರೂರು ಸುತ್ತಿ ಕಣ್ಣಾರೆ ಕಂಡರು. ಆ ಬಳಿಕ ಬಿಹಾರದ ಸುಲ್ತಾನರ ಸೇವೆಗೆ ಸೇರಿ, ಹುಲಿಯೊಂದನ್ನು ಕೊಂದುದಕ್ಕೆ ಶೇರ್ ಖಾನ್ ಎಂಬ ಬಿರುದು ಪಡೆದರು. ಕೆಲಕಾಲ ಬಾಬರ್ ಪಾದಶಹರ ಸೈನ್ಯದಲ್ಲೂ ಇದ್ದು ಮೊಗಲರ ಯುದ್ಧರೀತಿಯನ್ನು ಅರಿತರು. 1539ರಲ್ಲಿ ಚೌಸಾದಲ್ಲಿ, 1540ರಲ್ಲಿ ಕನೌಜ್‌ನಲ್ಲಿ ಹುಮಾಯೂನರನ್ನು ಸೋಲಿಸಿ ದಿಲ್ಲಿಯ ಸಿಂಹಾಸನವೇರಿದರು. ಜಾಗೀರುದಾರರ ಮನೆಯಿಂದ ಹೊರಬಿದ್ದ ಹುಡುಗ ಹಿಂದುಸ್ಥಾನದ ಸುಲ್ತಾನರಾದರು.

ಆಗ ಚಲಾವಣೆಯಲ್ಲಿದ್ದ ಹಣದ ಸ್ಥಿತಿ ಏನಾಗಿತ್ತು ಗೊತ್ತೇ? ಹಿಂದಿನ ಸುಲ್ತಾನರ ಕಾಲದ ಬಹುಪಾಲು ನಾಣ್ಯಗಳು ಬೆಳ್ಳಿಗೆ ತಾಮ್ರ ಬೆರೆಸಿದವು. ಯಾವುದರಲ್ಲಿ ಬೆಳ್ಳಿ ಎಷ್ಟಿದೆ ಎಂಬುದನ್ನು ನೋಡಿದ ಮಾತ್ರಕ್ಕೆ ಹೇಳಲಾಗದು. ಹೀಗಿರುವಾಗ ನಾಣ್ಯದ ಬೆಲೆಯನ್ನು ನಿರ್ಧರಿಸುವವನು ಚಿನಿವಾರ. ಬೆಳೆ ಮಾರಿದ ರೈತ, ಸಂಬಳ ಪಡೆದ ಸಿಪಾಯಿ ಅವನ ಮಾತನ್ನು ನಂಬಲೇಬೇಕು. ಕಲಬೆರಕೆ ನಾಣ್ಯದ ನಷ್ಟ ಬೀಳುವುದು ಯಾವಾಗಲೂ ಬಡವನ ತಲೆಯ ಮೇಲೆ.

ಶೇರ್ ಶಾಹ್ ಮಿಶ್ರಲೋಹದ ನಾಣ್ಯಗಳನ್ನು ಕೈಬಿಟ್ಟು, ಸುಮಾರು 178 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ ತೂಕದ ಉತ್ತಮ ಬೆಳ್ಳಿಯ ರೂಪಾಯಿಯನ್ನು ಟಂಕಿಸಿದರು. ಚಿಲ್ಲರೆ ವ್ಯವಹಾರಕ್ಕೆ ತಾಮ್ರದ ನಾಣ್ಯಗಳು ಬಂದವು. ಆಗ್ರಾ, ಗ್ವಾಲಿಯರ್ ಮೊದಲಾದ ಹಲವು ಟಂಕಸಾಲೆಗಳಲ್ಲಿ ಒಂದೇ ಮಟ್ಟದ ನಾಣ್ಯ ತಯಾರಾಯಿತು. ಅವುಗಳ ಮೇಲೆ ಅರಬ್ಬಿ ಬರಹದೊಂದಿಗೆ ಸುಲ್ತಾನರ ಹೆಸರನ್ನು ನಾಗರಿ ಲಿಪಿಯಲ್ಲೂ ಮುದ್ರಿಸಲಾಗುತ್ತಿತ್ತು. ಹಣ ಯಾರ ಕೈ ಸೇರುವುದೋ ಅವರಿಗೆ ಅದನ್ನು ಓದಲು ಬರಬೇಕಲ್ಲವೇ?

ಹಣವೊಂದೇ ಸರಿಯಾದರೆ ಸಾಲದು. ಆದ್ದರಿಂದ ಅವರು ಜಮೀನನ್ನು ಅಳೆಸಿ, ರೈತನ ಹೊಣೆಯನ್ನು ಪಟ್ಟಾ ಮತ್ತು ಕಬೂಲಿಯತ್ ಎಂಬ ಪತ್ರಗಳಲ್ಲಿ ಬರೆಸಿದರು. ಬಂಗಾಳದ ಸೋನಾರ್‌ಗಾಂವ್‌ನಿಂದ ಸಿಂಧೂ ನದಿಯವರೆಗಿನ ಹೆದ್ದಾರಿಯನ್ನು ಸರಿಪಡಿಸಿ, ಬದಿಗೆ ಮರ ನೆಡಿಸಿ, ಅಲ್ಲಲ್ಲಿ ಸರಾಯಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ಹಿಂದೂ ಮುಸ್ಲಿಂ ಪ್ರಯಾಣಿಕರಿಬ್ಬರಿಗೂ ಪ್ರತ್ಯೇಕ ಏರ್ಪಾಡಿತ್ತು. ದಾರಿಯಲ್ಲಿ ಕಳ್ಳತನವಾದರೆ ಹತ್ತಿರದ ಊರಿನ ಮುಖಂಡರೇ ಉತ್ತರ ಕೊಡಬೇಕಿತ್ತು. ನಂಬಿಕೆಯ ನಾಣ್ಯ ಮತ್ತು ನಿರ್ಭಯದ ದಾರಿ ಒಟ್ಟಾದಾಗ ವ್ಯಾಪಾರ ತಾನಾಗಿ ಬೆಳೆಯಿತು.

ಓದುಗರೇ, ಮಹಾಪುರುಷರ ಚರಿತ್ರೆ ಬರೆಯುವಾಗ ಒಳ್ಳೆಯದನ್ನಷ್ಟೇ ಹೇಳಿ ಮುಗಿಸುವುದು ಸುಲಭ. ಆದರೆ 1543ರಲ್ಲಿ ಮಧ್ಯಭಾರತದ ರಾಯಸೇನ್ ಕೋಟೆಯ ಪೂರಣಮಲ್ಲನಿಗೆ ಅಭಯದ ಮಾತು ಕೊಟ್ಟ ಮೇಲೂ, ಕೋಟೆಯಿಂದ ಹೊರಬಂದ ಅವನನ್ನೂ ಅವನ ಜನರನ್ನೂ ಸುಲ್ತಾನರ ಸೈನ್ಯ ಮುತ್ತಿ ಕೊಂದಿತು. ಇದು ಅವರ ಆಳ್ವಿಕೆಯ ಮೇಲಿನ ಕಪ್ಪು ಚುಕ್ಕೆ. ನಾಣ್ಯದ ಮೇಲೆ ಒತ್ತುವ ಮುದ್ರೆಯೂ ಒಂದು ಮಾತು, ಆಡಿದ ಅಭಯವೂ ಒಂದು ಮಾತು. ಮೊದಲನೆಯದನ್ನು ಶೇರ್ ಶಾಹ್ ಉಳಿಸಿಕೊಂಡರು, ಎರಡನೆಯದನ್ನು ಅಂದು ಉಳಿಸಿಕೊಳ್ಳಲಿಲ್ಲ. ಇತಿಹಾಸ ಎರಡನ್ನೂ ಲೆಕ್ಕದಲ್ಲಿಟ್ಟಿದೆ.

1545ರ ಮೇ 22ರಂದು ಕಾಲಿಂಜರ್ ಕೋಟೆಯ ಮುತ್ತಿಗೆಯಲ್ಲಿ ಮದ್ದುಗುಂಡು ಸಿಡಿದು ಅವರು ತೀರಿಕೊಂಡರು. ಸಸಾರಾಮಿನಲ್ಲಿ ಕೆರೆಯ ನಡುವೆ ನಿಂತಿರುವ ಎಂಟು ಮೂಲೆಯ ಭವ್ಯ ಗೋರಿ ಅವರದು. ಹತ್ತೇ ವರ್ಷಗಳಲ್ಲಿ, 1555ರಲ್ಲಿ, ಹುಮಾಯೂನರು ದಿಲ್ಲಿಗೆ ಮರಳಿದರು. ಸೂರಿ ವಂಶದ ಆಳ್ವಿಕೆ ಅಳಿಯಿತು, ರೂಪಾಯಿ ಉಳಿಯಿತು. ಶತ್ರುವಿನ ನಾಣ್ಯವೆಂದು ಅಕ್ಬರರು ಅದನ್ನು ತಳ್ಳಿಹಾಕಲಿಲ್ಲ, ಅದೇ ಮಟ್ಟದಲ್ಲಿ ಮುಂದುವರಿಸಿದರು. ನಮ್ಮ ಮೈಸೂರಿನಲ್ಲಿ ಟಿಪ್ಪು ಸುಲ್ತಾನರು ಇಮಾಮಿ ಎಂಬ ಹೆಸರಿನ ಬೆಳ್ಳಿ ರೂಪಾಯಿಯನ್ನು ಹೊರಡಿಸಿದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತಂದ ಏಕರೂಪ ರೂಪಾಯಿಯ ತೂಕ 180 ಗ್ರೇನ್. ಮುನ್ನೂರು ವರ್ಷಗಳ ಬಳಿಕವೂ ಎರಡೇ ಗ್ರೇನಿನ ಅಂತರ! ಕುವೈತ್, ಬಹರೈನ್, ಕತಾರ್, ಒಮಾನ್‌ಗಳಲ್ಲೂ ಹಿಂದೆ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಅದಕ್ಕಾಗಿ 1959ರಲ್ಲಿ ಪ್ರತ್ಯೇಕ ನೋಟುಗಳೇ ಬಂದಿದ್ದವು. 1970ರ ಹೊತ್ತಿಗೆ ಆ ನಾಡುಗಳೆಲ್ಲ ತಮ್ಮದೇ ಹಣಕ್ಕೆ ತಿರುಗಿದವು.

1957ರಲ್ಲಿ ದಶಮಾಂಶ ಪದ್ಧತಿ ಬಂದು ಆಣೆ ಹೋದರೂ, ಪೂರ್ಣ ಸತ್ಯಕ್ಕೆ ನಾವು ಇಂದಿಗೂ ಹದಿನಾರಾಣೆ ಸತ್ಯ ಎನ್ನುತ್ತೇವೆ. ರೂಪಾಯಿಯ ಲೆಕ್ಕ ನಮ್ಮ ನಾಲಗೆಯಲ್ಲಿ ಸತ್ಯದ ಅಳತೆಯಾಗಿ ಉಳಿದಿದೆ. ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ವ್ಯಾಪಾರಿಗಳಾಗಬಹುದು, ಅಧಿಕಾರಿಗಳಾಗಬಹುದು, ಶಿಕ್ಷಕರಾಗಬಹುದು. ನಿಮ್ಮ ಸಹಿಯೂ ನಿಮ್ಮ ಮಾತೂ ಎದುರಿನವರು ತೂಗಿ ನೋಡದೆ ನಂಬುವಂತಿರಲಿ.